ಅಡಿಗೊಂದು ನೂಲು

ಭದ್ರಾವತಿಯ ಪಾಲಿಟೆಕ್ನಿಕ್ಕಿನಲ್ಲಿ ಮೊದಲ ವರ್ಷದವರಿಗೆ
ವಾರಕ್ಕೆರಡು ಗಂಟೆ ಕನ್ನಡ, ಅದು ನನ್ನದು.
ಕಪ್ಪುಹಲಗೆಯ ಮೇಲೆ ‘ತಂತ್ರಜ್ಞಾನ’ ಎಂದು ಬರೆದು
ಕೈಯ ಸೀಮೆಸುಣ್ಣ ಒರೆಸಿಕೊಳ್ಳುವಷ್ಟರಲ್ಲಿ ಸಫೂರಾ ಎದ್ದಳು:
‘ತಂತ್ರ ಅಂದ್ರೆ ಮೋಸ ಅಲ್ವಾ ಮಿಸ್?
ಧಾರಾವಾಹೀಲಿ ಅತ್ತೆ ಮಾಡ್ತಾಳಲ್ಲ, ಅದು?’

ತರಗತಿ ನಕ್ಕಿತು. ನಾನೂ ನಕ್ಕೆ.
ನಕ್ಕ ಮೇಲೆ ಉತ್ತರ ಕೊಡಬೇಕಾಗುತ್ತದೆ.

ತಂತ್ರ ಅಂದರೆ ಮೊದಲು ಮಗ್ಗ ಕಣಮ್ಮ,
ಹಾಸು ಬಿಗಿದ ಮಗ್ಗ. ತನ್ ಎಂದರೆ ಎಳೆ, ಹಿಗ್ಗಿಸು.
ತಂತಿ ಅದರ ಕೂಸು, ತಂತುವೂ.
ಹಾಗಾದರೆ ಸ್ವತಂತ್ರ ಅಂದರೆ
ತನ್ನ ಮಗ್ಗ ತನ್ನ ಜಗಲಿಯಲ್ಲೇ ಇರುವವನು
(ನಿಘಂಟು ಒಪ್ಪುತ್ತದೋ ಇಲ್ಲವೋ, ನಾನು ಹೇಳಿಬಿಟ್ಟೆ).
ಅತಂತ್ರ ಅಂದರೆ...
ಅಲ್ಲಿ ತಡೆದೆ. ಕಿಟಕಿಯಾಚೆ ಚಿಮಣಿ,
ಹೊಗೆಯಿಲ್ಲ, ಬರೀ ಚಿಮಣಿ.
ಈ ಬೆಂಚುಗಳ ಅರ್ಧ ಮಕ್ಕಳ ಮನೆಯಲ್ಲಿ
ಆ ಪದಕ್ಕೆ ಅರ್ಥ ಹೇಳಬೇಕಾಗಿಲ್ಲ.

ಟೆಕ್ನಾಲಜಿ ಬಂದದ್ದು ಬೇರೆ ದಾರಿಯಲ್ಲಿ.
ಗ್ರೀಕರಿಗೆ ಟೆಕ್ನೆ ಅಂದರೆ ಕಸಬು, ಕೈಚಳಕ;
ಬೇರು ಅಗೆದರೆ ಕೆಳಗೆ ಕೂತಿದ್ದಾನೆ
ಮರ ಕೆತ್ತುವವನೊಬ್ಬ, ಟೆಕ್ಟೋನ್.
ಸಂಸ್ಕೃತದ ತಕ್ಷನೂ ಅವನೂ ಒಂದೇ ಬಳ್ಳಿ.
ಲೋಗೋಸ್ ಅಂದರೆ ಮಾತು. ಬಡಗಿಯ ಮಾತು ಅಂತಿಟ್ಟುಕೊಳ್ಳಿ.
ಒಂದು ಕಾಲದಲ್ಲಿ ಆ ಇಡೀ ಪದಕ್ಕೆ
ವ್ಯಾಕರಣಶಾಸ್ತ್ರ ಎಂದೇ ಅರ್ಥವಿತ್ತಂತೆ.
(ಭಾಷೆ ಕಲಿಸುವವರಿಗೆ ಇಂಥ ಸುದ್ದಿ ಸಿಗುವುದು ಅಪರೂಪ.
ಎರಡು ಸಲ ಹೇಳಿದೆ.)

ಗಂಟೆ ಹೊಡೆಯಿತು. ಹೇಳದೆ ಉಳಿದದ್ದು:

ನನ್ನಪ್ಪ ಕಾಳಾಚಾರಿ, ಪ್ಯಾಟರ್ನ್ ಶಾಪಿನ ಬಡಗಿ.
ಕಬ್ಬಿಣದ ಕಾರ್ಖಾನೆಯಲ್ಲಿ ಬಡಗಿಗೇನು ಕೆಲಸ,
ಕುರ್ಚಿ ರಿಪೇರಿಯಾ ಎಂದು ನೆಂಟರು ಕೇಳುತ್ತಿದ್ದರು.
ಹಲ್ಲುಗಾಲಿಯೋ ಕವಾಟವೋ, ಎರಕಕ್ಕೆ ಮುಂಚೆ
ಒಮ್ಮೆ ಸಾಗುವಾನಿಯಲ್ಲಿ ಹುಟ್ಟಬೇಕು.
ಮರವನ್ನು ಮರಳಲ್ಲಿ ಹೂತು, ಮರ ತೆಗೆದು,
ಮರ ಬಿಟ್ಟುಹೋದ ಜಾಗಕ್ಕೆ ಕಾದ ಕಬ್ಬಿಣ ಹುಯ್ಯಬೇಕು.
ಹುಯ್ಯುವವನು ಹುತ್ತಾ ಕಾಲೋನಿಯ ಸೆಲ್ವಂ.
ಅಪ್ಪನನ್ನು ‘ತಚ್ಚರೇ’ ಎಂದೇ ಕರೆಯುತ್ತಿದ್ದ.
ತಚ್ಚ, ತಕ್ಷ, ಟೆಕ್ಟೋನ್.
ಪುಸ್ತಕಗಳಲ್ಲಿ ಅಷ್ಟು ದೂರ ಹೋಗಿ ಹುಡುಕಿದೆನಲ್ಲ,
ಎರಡನೇ ಪಾಳಿಯ ಟೀ ಹೊತ್ತಿಗೆ
ಗೇಟಿನ ಹತ್ತಿರ ನಿಂತಿದ್ದರೆ ಸಾಕಿತ್ತು.

ಏಳನೇ ಕ್ಲಾಸಿನಲ್ಲಿ ಸ್ಕೇಲು ಕಳೆದುಕೊಂಡು
ಅಪ್ಪನ ಅಡಿಕೋಲು ಕದ್ದೊಯ್ದೆ.
ಎಳೆದ ಗೆರೆಯೆಲ್ಲ ತಪ್ಪು. ಆರಿಂಚಿನ ಭುಜ
ಆರಿಂಚಿಗಿಂತ ಚೂರು ಹೆಚ್ಚು, ಪ್ರತಿ ಸಲವೂ.
‘ಸುಳ್ಳು ಅಳತೆ’ ಎಂದು ಕೆಂಪಿನಲ್ಲಿ ಬರೆದರು ಗಣಿತದ ಟೀಚರು.

ಅಪ್ಪ ಬೈಯಲಿಲ್ಲ. ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿದ.
‘ಸುಳ್ಳಲ್ಲ, ಅದು ಬಿಸಿ ಇದ್ದಾಗಿನ ಅಳತೆ.
ಆರಿದ ಮೇಲೆ ಕಬ್ಬಿಣ ಕುಗ್ತದೆ.
ಅಡಿಗೊಂದು ನೂಲು ಮೊದಲೇ ಬಿಟ್ಟಿರ್ಬೇಕು.’
ನೂಲು ಅಂದರೆ ಇಂಚಿನ ಎಂಟನೇ ಪಾಲು,
ಬಡಗಿಗಳ ಲೆಕ್ಕ.
ಮಗ್ಗ ಅಲ್ಲೇ ಇತ್ತು ನೋಡಿ, ಮರದ ಒಳಗೆ!
ನಾನು ಎರಡು ಪದಗಳನ್ನು ಎರಡು ಪುಟಗಳಲ್ಲಿ ಹುಡುಕುತ್ತಿದ್ದೆ.

ಶಾಪ್ ಮುಚ್ಚಿದಾಗ ಅಟ್ಟದ ಅಚ್ಚುಗಳನ್ನೆಲ್ಲ
ತೂಕಕ್ಕೆ ಹಾಕಿದರು, ಸೌದೆಯ ದರ.
ಒಂದು ವಾರ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ
ಸಾಗುವಾನಿಯ ಹಲ್ಲುಗಳ ಮೇಲೆ ಇಡ್ಲಿ ಬೆಂದವು.
ಒಂದು ಗಾಲಿ ಮಾತ್ರ ನಮ್ಮ ಅಡುಗೆಮನೆಯಲ್ಲಿದೆ,
ಕೆಂಪು ಬಣ್ಣ ಇನ್ನೂ ಇದೆ, ಮೇಲೆ ಅಕ್ಕಿ ಡಬ್ಬ.
ಅದರಿಂದ ಹುಟ್ಟಿದ ಯಾವ ಗಾಲಿಯೂ
ಅದರಷ್ಟು ದೊಡ್ಡದಿರಲಿಲ್ಲ.

ಪಾಠ ಹೇಳಿ ಬಂದ ಸಂಜೆಗಳಲ್ಲಿ ಅದನ್ನು ಒರೆಸುತ್ತೇನೆ.
ಇವತ್ತು ಹೇಳಿದ್ದು ಆರಿದ ಮೇಲೆ ಎಷ್ಟುಳಿಯುತ್ತದೋ,
ನೂಲು ಬಿಟ್ಟು ಹೇಳಿದೆನೋ ಇಲ್ಲವೋ.

ಶನಿವಾರ ನೋಟ್‌ಬುಕ್ಕು ತಿದ್ದುವಾಗ
ಸಫೂರಾಳ ಪುಟ ಸಿಕ್ಕಿತು, ಬಾಲ್‌ಪೆನ್ನಿನ ಉರುಟು ಅಕ್ಷರ:
‘ತಂತ್ರ = ಮಗ್ಗ.’
ಅದರ ಕೆಳಗೆ, ನಾನು ಓದಲೆಂದು ಬರೆದದ್ದಲ್ಲ,
‘ಅತ್ತೆನೂ ನೇಯ್ತಾಳೆ.’
ಸರಿ ಗುರುತು ಹಾಕಿದೆ.