ಗ್ಯಾಸಿನ ಪಾಳಿ

ಮುಸಫ್ಫಾದ ಕ್ಲಿನಿಕ್ಕಿನಲ್ಲಿ ನನ್ನ ಮೇಜಿನ ಮೇಲೆ
ಒಂದು ಬಣ್ಣದ ತಟ್ಟೆ ಇದೆ, ಕಾಗದದ್ದು.
ಅರ್ಧ ಹಸಿರು, ಕಾಲು ಕಾಳು, ಕಾಲು ಧಾನ್ಯ,
ಅಂಚಿನಲ್ಲಿ ಹೋಳಾದ ಬೆಣ್ಣೆಹಣ್ಣು.
ಹುಲುಗಪ್ಪ ಅದನ್ನು ತಿರುಗಿಸಿ ಹಿಂದೆಯೂ ನೋಡಿದ.
ಸಕ್ಕರೆ ಇನ್ನೂರ ಎಂಬತ್ತಾರು.
ಅಂಗಿಯ ಬೆನ್ನಿಗೆ ಉಪ್ಪು ಬಿಳಿ ಗೆರೆ ಎಳೆದಿತ್ತು,
ಆಗಸ್ಟಿನ ಉಪ್ಪು, ಕಡಲಿನದಲ್ಲ, ಅವನದೇ.

ಏನು ತಿನ್ನುತ್ತೀಯಪ್ಪ ದಿನಾ?
"ಖುಬೂಸು ದಾಲ್ ರೀ ಸಿಸ್ಟರ್.
ಬ್ಯಾಸರಾದ್ರ ದಾಲು ಖುಬೂಸು."
ನಿದ್ದೆ?
"ಹನ್ನೆಲ್ಡು ಮಂದಿ, ಎಲ್ಡು ಒಲಿ.
ನಂದು ಪಾಳಿ ನಸುಕಿನ ಮೂರೂ ನಲವತ್ತಕ್ಕ.
ನಾಕೂವರಿಗೆ ಬಸ್ಸು. ನಿದ್ದಿ ಬಸ್ಸಿನ್ಯಾಗ."

ಊಟ ಬಲ್ಲವನಿಗೆ ರೋಗವಿಲ್ಲ ಎಂದವರಿಗೆ
ಗ್ಯಾಸಿನ ಪಾಳಿ ಇರಲಿಲ್ಲ.
ಹಾಗೆ ಹೇಳಲಿಲ್ಲ. ಓಟ್ಸ್ ಎಂದೆ. ನಡಿಗೆ ಎಂದೆ,
ದಿನವೆಲ್ಲ ಸಾರುವೆ ಹತ್ತಿ ಇಳಿಯುವವನಿಗೆ.
ಉಸಿರು ಎಣಿಸುತ್ತಾ ಮಲಗು ಎಂದೆ.
"ಯಾರದ್ರಿ?" ಎಂದ. "ಹನ್ನೆಲ್ಡು ಕೇಳಸ್ತಾವ."

ಎರಡು ತಿಂಗಳಿಗೆ ಮತ್ತೆ ಬಂದ. ನೂರ ಅರವತ್ತು.
ಡಾಕ್ಟರ್ ಹಾನಿ, ಹೆಸರಷ್ಟೇ ಹಾಗೆ,
ಕೈರೋದ ಒಳ್ಳೆಯ ಮನುಷ್ಯ,
ಮಾತ್ರೆ ಹಿಡಿಯಿತು ಎಂದು ಬರೆದರು.
ಹುಲುಗಪ್ಪ ಬಾಗಿಲಲ್ಲಿ ನಿಂತ.
"ಜ್ವಾಳ ಸಿಕ್ಕೈತ್ರಿ."

ಸೂಡಾನಿಯವನ ಅಂಗಡಿಯಲ್ಲಂತೆ.
ಅವರು ಅದಕ್ಕೆ ದುರಾ ಅನ್ನುತ್ತಾರಂತೆ,
ಮೂಸಿದ ಮೇಲೆ ಹೆಸರು ಬೇಕಾಗಲಿಲ್ಲವಂತೆ.
ಒಬ್ಬರ ಮಾತು ಒಬ್ಬರಿಗೆ ಬಾರದೆ
ಅಂಗೈಯಲ್ಲಿ ಹಿಟ್ಟು ಹಿಡಿದು ಇಬ್ಬರೂ ನಕ್ಕರಂತೆ.

ಇಲ್ಲಿಯ ಮೂರೂ ನಲವತ್ತು
ಸಿಂಧನೂರಿನಲ್ಲಿ ಐದೂ ಹತ್ತು.
ಹಂಪಮ್ಮ ಎದ್ದಿರುತ್ತಾಳೆ.
ಫೋನನ್ನು ಎಣ್ಣೆ ಡಬ್ಬಿಗೆ ಆನಿಸಿಟ್ಟು ಇವನು ಬಡಿಯುತ್ತಾನೆ.
ಚಿತ್ರಕ್ಕೆ ನೆಟ್ಟು ಸಾಲದು, ಸದ್ದು ಸಾಕು.
ಪಟ ಪಟ ಪಟ.
ಅಲ್ಲಿಂದ ಅವಳು: "ದಪ್ಪೈತಿ, ಇನ್ನೊಂದೀಟು ಬಡಿ."
ಪಟ ಪಟ.
"ಅಂಚು ಸೀಳೇತಿ ನೋಡು."
ನೋಡಿದರೆ, ಸೀಳಿರುತ್ತದೆ.

ಮೊದಲ ವಾರ ರೂಮಿನವರು ಬೈದರು,
ಚಿತ್ತಗಾಂಗಿನ ರೊಫಿಕ್ ಚಪ್ಪಲಿ ಎಸೆದ.
ಈಗ ಅವನಿಗೆ ಸದ್ದು ನಿಂತಾಗಲೇ ಎಚ್ಚರವಾಗುವುದು.
ಇನ್ನೆರಡು ಹೆಚ್ಚಿಗೆ ಬಡಿ ಎನ್ನುತ್ತಾನಂತೆ,
ತಿನ್ನಲಿಕ್ಕಲ್ಲ.

"ನಾಕು ಖುಬೂಸಿನ ಕಡಿ ಈಗ ಎಲ್ಡು ರೊಟ್ಟಿ,
ಹಸಿ ಉಳ್ಳಾಗಡ್ಡಿ, ಮಸರು.
ಹೊಟ್ಟಿ ತಾನ ಸಾಕಂತೈತ್ರಿ. ಎದಿ ಹಗುರಾಗೇತಿ,"
ಎಂದ, ಹೊಟ್ಟೆ ಮುಟ್ಟಿಕೊಂಡು.

ಎಲ್ಲಿ ಬರೆಯಲಿ ಅದನ್ನು?
ನನ್ನ ನಮೂನೆ ಕೇಳುವುದು ಏನು ತಿಂದಿರಿ,
ಎಷ್ಟು, ಎಷ್ಟು ಹೊತ್ತಿಗೆ.
ಯಾರ ದನಿ ಕೇಳುತ್ತಾ ತಿಂದಿರಿ ಎಂಬುದಕ್ಕೆ ಜಾಗವಿಲ್ಲ.
ಪೆನ್ಸಿಲಿನಲ್ಲಿ ಒಂದು ಗೆರೆ ಸೇರಿಸಿ ಕಳಿಸಿದೆ.
ಹೊಸ ಕಟ್ಟು ಅಚ್ಚಾಗಿ ಬಂತು,
ಅದಿಲ್ಲದೆ.

ನಾನು ಕಾಪುವಿನವಳು, ಗಂಜಿಯವಳು,
ರೊಟ್ಟಿ ಬಡಿಯಲು ಬಾರದು.
ಅವನು ಕೊಟ್ಟುಹೋದ ಅರ್ಧ ಕಿಲೋ ಹಿಟ್ಟು
ಡ್ರಾಯರಿನಲ್ಲಿದೆ, ಸ್ಟೇಪ್ಲರಿನ ಪಕ್ಕ.
ನಿನ್ನೆ ಸಂಜೆ ನಾಲ್ಕಕ್ಕೆ
ನಿಂತುಕೊಂಡೇ ಬಿಸ್ಕೆಟ್ ನುಂಗುವಾಗ
ಡ್ರಾಯರ್ ಎಳೆದು, ಗಂಟು ಬಿಚ್ಚಿ, ಮೂಸಿದೆ.
ಕೂತೆ.
ಹೊರಗಿದ್ದವರು ಎರಡು ನಿಮಿಷ ಕಾದರು.