ಕಡಲತೋಳ ಜಾರುತ್ತದೆ

ಮೊದಲು ಕೈ ತೊಳಿ, ಯಾಸ್ನಾ. ಉಂಗುರ ಕಳಚಿ ಅಲ್ಲಿಡು.
ಬಿಳಿ ಅಂಟು ಒಂದು ಬಟ್ಟಲು, ಮೆಕ್ಕೆಜೋಳದ ಪಿಷ್ಟ ಒಂದು ಬಟ್ಟಲು,
ವಿನೆಗರ್ ಎರಡು ಚಮಚ, ಕೂಸಿಗೆ ಹಚ್ಚುವ ಎಣ್ಣೆ ಒಂದು.
ಸಣ್ಣ ಉರಿಯಲ್ಲಿ ತಿರುವುತ್ತಲೇ ಇರು
ತಳ ಬಿಟ್ಟು ಮುದ್ದೆ ಕಟ್ಟುವ ತನಕ.
ಆಮೇಲೆ ನಾದು. ಎಷ್ಟೆಂದು ಕೇಳಬೇಡ,
ನಿನ್ನ ಕಿವಿಯ ಹಾಲೆ ಮುಟ್ಟಿ ನೋಡಿಕೋ.
ಅಷ್ಟು.

ಒಣಗಲು ಮೂರು ದಿನ ಅನ್ನುತ್ತದೆ ಪುಸ್ತಕ.
ಬರೆದವಳು ಆಂತೊಫಗಾಸ್ತಾ ನೋಡಿದವಳಲ್ಲ.
ಬೆನ್ನಿಗೆ ಮರಳುಗಾಡು ಕಟ್ಟಿಕೊಂಡ ಊರು ಇದು,
ಹಿಂಡಿದ ಅಂಗಿ ತಂತಿ ಮುಟ್ಟುವುದರೊಳಗೆ ಗರಿಗರಿ.
ಹೊರಮೈ ಅವಸರಪಟ್ಟು ಗಟ್ಟಿಯಾಗುತ್ತದೆ,
ಒಳಗಿನ್ನೂ ಹಸಿ.
ಆಗಲೇ ಬಿರಿಯುವುದು, ಸರಿಯಾಗಿ ಕತ್ತಿನ ಬಳಿ.
ಒದ್ದೆ ಬಟ್ಟೆ ಹೊದಿಸು, ಮೇಲೊಂದು ಬೋಗುಣಿ ಕವುಚು.
ನಸುಕಿನಲ್ಲಿ ಕಮಾಂಚಾಕಾ ಮಂಜು
ಕಡಲಿಂದ ಗುಡ್ಡ ಹತ್ತಿ ಬರುವಾಗ
ಬೋಗುಣಿ ತೆಗೆ, ಕಿಟಕಿ ತೆರೆ.
ಒಂದು ಗುಟುಕಿಗೂ ಸಾಲದ ನೀರು ಅದು,
ಮಣ್ಣಿಗೆ ಮಾತ್ರ ಸಾಕು.

ಈಗ ಕಡಲತೋಳ.
ಮೀನು ಮಾರುಕಟ್ಟೆಯ ಮೆಟ್ಟಿಲ ಮೇಲೆ
ಬಾಡಿಗೆ ಕೊಡದೆ ಮಲಗಿರುತ್ತಾವಲ್ಲ, ಅವೇ.
ಮೊದಲು ಹೊಟ್ಟೆ ಮಾಡು, ಉಳಿದದ್ದು ಹೊಟ್ಟೆಗೆ ಅಂಟಿಕೊಂಡು ಬರುತ್ತದೆ.
ಮೀಸೆಗೆ ಹಳೆ ಪೊರಕೆಯ ಎಳೆ.
ನಗಿಸಬೇಡ ಅದನ್ನು. ನಗುವ ಪ್ರಾಣಿಗಳನ್ನು
ಎದುರು ಅಂಗಡಿಯ ಒರ್ತೆನ್ಸಿಯಾ ಅಚ್ಚಿನಲ್ಲಿ ಒತ್ತುತ್ತಾಳೆ.
ನಮ್ಮದು ಆಕಳಿಸಲಿ.

ಕಾಂತಕ್ಕೆ ಕಾಸು ಸುರಿಯಬೇಡ.
ಕೆಟ್ಟ ರೇಡಿಯೊ, ಸತ್ತ ಸ್ಪೀಕರು ಒಡೆ.
ನನ್ನ ಮೊದಲ ಕಾಂತ ಮೂವತ್ತು ವರ್ಷ
ಫುಟ್ಬಾಲಿನ ಗದ್ದಲ ಕೇಳಿದ್ದು.
ಒಂದು ಸಲ ಹಡಗಿನಿಂದಿಳಿದ ಹೆಂಗಸೊಬ್ಬಳು
ಆರು ಕೊಂಡು, ಸಂಜೆಗೆ ಓಡಿ ಬಂದಳು:
ನನ್ನ ಮನೆಯದು ಹೊಸ ಮಾದರಿ,
ಆ ಫ್ರಿಜ್ಜಿಗೆ ಯಾವುದೂ ಹಿಡಿಯುವುದಿಲ್ಲ!
ಪಾಪ ಅನ್ನಿಸಿತು.
ಏನನ್ನೂ ಹಿಡಿದುಕೊಳ್ಳದ ಬಾಗಿಲು ಅಡುಗೆಮನೆಯಲ್ಲಿಟ್ಟುಕೊಂಡು
ಹೇಗೆ ಬದುಕುತ್ತಾರೆ ಜನ?

ನನ್ನದನ್ನು ನೋಡು, ಆ ಮೂಲೆಯಲ್ಲಿರುವುದು.
ಮೊದಲು ಮಾಡಿದ್ದು. ಬೆನ್ನ ಮೇಲೆ ಹೆಬ್ಬೆಟ್ಟಿನ ಗುರುತು,
ಕತ್ತಿನಲ್ಲಿ ಬಿರುಕು. ಮುಚ್ಚಲಿಲ್ಲ.
ಬೆಲಿಸಾರಿಯೊನ ಪಾಳಿಯ ಹಾಳೆ ಹಿಡಿದಿತ್ತು ಅದು:
ಏಳು ದಿನ ಮೇಲೆ ತಾಮ್ರದ ಗಣಿಯಲ್ಲಿ,
ಏಳು ದಿನ ಕೆಳಗೆ ನನ್ನ ಹತ್ತಿರ.
ಮೇಲಿನ ದಿನಕ್ಕೆ ಕೆಂಪು ಗೀಟು, ಕೆಳಗಿನದಕ್ಕೆ ಬಿಳಿ.
ನಿನಗೆ ಗೊತ್ತಿರುವುದೇ, ನಿನ್ನ ಗಂಡನೂ ಅದೇ ಬಸ್ಸು ಹತ್ತುತ್ತಾನೆ.
ಕೆಂಪು ವಾರದಲ್ಲಿ ಫ್ರಿಜ್ಜು ತೆರೆಯಲು ಯಾರಿದ್ದರು?
ನಾನು, ಅದೂ ದಿನಕ್ಕೆರಡು ಸಲ.
ಕಡಲತೋಳ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ.
ಹತ್ತೊಂಬತ್ತು ವರ್ಷ.

ಕಳೆದ ಮಾರ್ಚಿನಲ್ಲಿ ಅವನು
ಹೆಲ್ಮೆಟ್ಟು ಒಪ್ಪಿಸಿ ಮನೆಗೆ ಬಂದ, ಇಳಿದು ಬಂದೇ ಬಿಟ್ಟ.
ಎಲ್ಲ ವಾರವೂ ಬಿಳಿ.
ಈಗ ನೋಡು: ಚೀಸಿಗೆ ಒಮ್ಮೆ, ಆಲಿವಿಗೆ ಒಮ್ಮೆ,
ಒಳಗೆ ಏನಿದೆ ಎಂದು ನೋಡಲಿಕ್ಕೆ ಒಮ್ಮೆ,
ಏನೂ ಇರಲಿಲ್ಲವಲ್ಲ ಎಂದು ಖಾತ್ರಿಗೆ ಇನ್ನೊಮ್ಮೆ,
ದಢಾರ್ ದಢಾರ್, ಗಣಿಯ ಬಾಗಿಲೆಂದುಕೊಂಡಿದ್ದಾನೆ.
ಪ್ರತಿ ಸಲವೂ ಅದು ಒಂದಿಷ್ಟು ಜಾರುತ್ತದೆ.
ರಾತ್ರಿಯ ಹೊತ್ತಿಗೆ ತರಕಾರಿ ಬುಟ್ಟಿಯ ಎತ್ತರಕ್ಕೆ ಇಳಿದು,
ಇನ್ನೇನು ನೀರಿಗೆ ಧುಮುಕುತ್ತದೆ ಅನ್ನುವ ಹಾಗೆ.

ಹಾಳೆ ತೆಗೆದುಹಾಕಿದೆ.
ಈಗ ಅದು ಹಿಡಿದಿರುವುದು ತನ್ನ ಹೊಟ್ಟೆಯ ಭಾರ ಅಷ್ಟೇ.
ದೊಡ್ಡ ಕಾಂತ ಹಾಕು ಅನ್ನುತ್ತಾನೆ ಅವನು.
ಪೆಟ್ಟಿಗೆಯಲ್ಲಿವೆ. ಹಾಕಿಲ್ಲ.
ದೀಪ ಆರಿಸುವ ಮುನ್ನ
ಬೆನ್ನಿನ ಆ ಗುರುತಿಗೆ ಹೆಬ್ಬೆಟ್ಟು ಸರಿಯಾಗಿ ಕೂರಿಸಿ
ಮೇಲಕ್ಕೆ ತಳ್ಳುತ್ತೇನೆ,
ಒಳಕೋಣೆಯಲ್ಲಿ ಇನ್ನೊಂದು ಗೊರಕೆ ಹೊಡೆಯುತ್ತಿರುತ್ತದೆ.

ಅಯ್ಯೋ, ಮಾತಿನಲ್ಲಿ ಮರೆತೆ,
ನಿನ್ನದರ ಕತ್ತು ಒಣಗುತ್ತಿದೆ, ಬಟ್ಟೆ ಎಲ್ಲಿ?