ಚಿಲ್ಲರೆ

ಇಳಿಜಾರಿನ ಬುಡದಲ್ಲಿ ಹಲಗೆಯ ಗೂಡು,
ಅದರೊಳಗೆ ನಾನು, ಒಂದು ಹೀಟರು,
ಫ್ಲಾಸ್ಕಿನಲ್ಲಿ ನಿಂಬೆ ಹಿಂಡಿದ ಚಹ,
ಮತ್ತು ಇಡೀ ತಾತ್ರಾ ಬೆಟ್ಟದ ಹೊತ್ತು.
ಮೂವತ್ತೊಂದು ಚಳಿಗಾಲ ಅದನ್ನು ಅಳೆದಿದ್ದೇನೆ.
ಹೆಸರು ಗೆಯ್ಜಾ. ಯಾರೂ ಕೇಳಲಿಲ್ಲ, ಹೇಳಿದೆ.

ಮೊದಮೊದಲು ಈ ಪಂದ್ಯ ನನಗೆ ಹಿಡಿಸುತ್ತಿರಲಿಲ್ಲ.
ಇಳಿದ ಸಮಯ ಬೇರೆ, ಬರೆಯುವ ಸಮಯ ಬೇರೆ.
ಕೂತು ಜಾರುವವನಿಗೆ ಒಂದು ಗುಣಕ,
ಒಂಟಿಗಾಲಿನವನಿಗೆ ಒಂದು,
ಮಸುಕುಗಣ್ಣಿನವಳಿಗೆ ಇನ್ನೊಂದು.
ಸೆಕೆಂಡಿಗೂ ಚೌಕಾಸಿಯೇ ಎಂದು ಗೊಣಗುತ್ತ
ಗುಣಿಸುತ್ತಿದ್ದೆ.

ಆಮೇಲೊಂದು ದಿನ ಇಮ್ರಿಖ್ ಬಂದ,
ಮರದ ಮಿಲ್ಲಿಗೆ ಎಡಗಾಲು ಕೊಟ್ಟವನು.
ಹಿಮದಲ್ಲಿ ಅವನ ಗುರುತು ಮೂರು ಗೆರೆ:
ನಡುವೆ ಆಳವಾದದ್ದು ಒಂದು,
ಅತ್ತಿತ್ತ ಕೈಗೋಲಿನ ತುದಿಯ ಮರಿ ಸ್ಕೀ ಗೀರಿದ್ದು ಎರಡು.
"ಗೆಯ್ಜಾ, ಒಂದೇ ಕಾಲಲ್ಲಿ ಅರ್ಧ ಕುಕ್ಕರಿಸಿ ನಿಲ್ಲು,
ಬರೀ ಒಂದು ನಿಮಿಷ."
ನಿಂತೆ, ಮೇಜು ಹಿಡಿದು.
ಹದಿನೇಳು ಎಣಿಸುವಷ್ಟರಲ್ಲಿ ತೊಡೆ ಹೊತ್ತಿಕೊಂಡಿತು.
ಅವನು ನಗಲಿಲ್ಲ. ನನ್ನ ಚಹ ಕುಡಿದು ಹೋದ.
ಗೊಣಗುವುದು ಅವತ್ತಿಗೆ ನಿಂತಿತು.

ಇರಲಿ. ಹೇಳಹೊರಟದ್ದು ಬ್ರೋನ್ಯಾಳ ಮಾತು.

ಅವಳ ಕಣ್ಣಿಗೆ ಬೆಟ್ಟವೆಂದರೆ ಕೆನೆಗಟ್ಟಿದ ಹಾಲು.
ಅದರಲ್ಲೊಂದು ಕಿತ್ತಳೆ ಚುಕ್ಕೆ ಅಲ್ಲಾಡಿದರೆ
ಅದು ಯಾರ್ಮಿಲಾಳ ಜಾಕೆಟ್ಟು.
ಮುಂದೆ ಯಾರ್ಮಿಲಾ, ಹಿಂದೆ ಇವಳು,
ನಡುವೆ ಹೆಲ್ಮೆಟ್ಟಿಂದ ಹೆಲ್ಮೆಟ್ಟಿಗೆ ಓಡುವ ಮಾತು:
ಎಡ. ಹಾ. ಬಲ. ಗಡ್ಡೆ ಇದೆ. ಉಬ್ಬು. ತಡಿ. ಬಿಡು.
ಗಂಟೆಗೆ ನೂರು ಕಿಲೋಮೀಟರಿನಲ್ಲಿ
ಒಬ್ಬಳ ಬಾಯಿ, ಇನ್ನೊಬ್ಬಳ ಮಂಡಿ.
ಬೆಳಗಿನ ತಿಂಡಿಗೆ ಕೂತಾಗ
ಇಬ್ಬರೂ ತುಟಿ ಬಿಚ್ಚುವುದಿಲ್ಲ,
ಮಾತು ಈಗಲೇ ಖರ್ಚಾದೀತು ಎಂಬ ಹಾಗೆ.

ಮಾರ್ಚಿಯ ಕೊನೆಯ ಡೌನ್‌ಹಿಲ್.
ಬುಡದಲ್ಲಿ ಬಿಸಿಲಿಗೆ ಹಿಮ ಮೆತ್ತಗಾಗಿತ್ತು.
ನನ್ನ ಕಿಟಕಿಗೆ ಮೊದಲು ಕಂಡದ್ದು ಕಿತ್ತಳೆ,
ಅದರ ಬೆನ್ನಿಗೇ ನೀಲಿ.
ಮೆತ್ತಗಿದ್ದಲ್ಲಿ ಕಿತ್ತಳೆ ತುಸು ಹೂತು ನಡುಗಿತು.
ನೀಲಿ ನಡುಗಲಿಲ್ಲ.
ಕೊನೆಯ ಗೇಟಾದ ಮೇಲೆ ಹೇಳುವುದು ಒಂದೇ,
ನೇರ, ನೇರ, ನೇರ.
ಹೇಳಿದಂತೆಯೇ ಬ್ರೋನ್ಯಾ ನೇರ ಬಂದಳು,
ಯಾರ್ಮಿಲಾಳನ್ನು ದಾಟಿ,
ಗೆರೆ ದಾಟಿ,
ದಾಟಿದ್ದು ತಿಳಿಯದೆ ಹೋಗಿ
ಬಲೆಯ ಬೇಲಿಗೆ ಮೆಲ್ಲಗೆ ಒರಗುವವರೆಗೆ.

ಗೂಡಿನೊಳಗೆ ಯಂತ್ರ ಚೀಟಿ ಉಗುಳಿತು.
ಗುಣಿಸುವ ಮೊದಲೇ ಗೊತ್ತಾಯಿತು,
ಅವತ್ತಿನ ಮಸುಕುಗಣ್ಣಿನವರಲ್ಲಿ
ಇವಳ ಹತ್ತಿರ ಯಾರೂ ಸುಳಿದಿಲ್ಲ.
ನಿಯಮವೂ ಗೊತ್ತು.
ದಾರಿ ಹೇಳುವವಳು ಗೆರೆಯವರೆಗೂ ಮುಂದಿರಬೇಕು.
ತೀರ್ಪುಗಾರ ಬಾಗಿಲಲ್ಲಿ ಇಣುಕಿ
ಮೂರಕ್ಷರ ಬರೆಸಿದ: ಅನರ್ಹ.

ಹೊರಗೆ ಯಾರ್ಮಿಲಾ ಅಳುತ್ತಿದ್ದಳು.
"ನಾನೇ ನಿಧಾನವಾದೆ, ತಪ್ಪು ನನ್ನದು."
ದನಿ ಬೆನ್ನ ಹಿಂದಿನಿಂದ ಬಂತು.
ಬ್ರೋನ್ಯಾ ತಿರುಗಿದಳು.
"ಅಂದರೆ ನಾನು ಮುಂದಿದ್ದೆನಾ? ಎಷ್ಟು?"
"ಹನ್ನೊಂದು ಮೀಟರು."
"ಹನ್ನೊಂದು ಮೀಟರು ನನ್ನೆದುರು ಯಾರೂ ಇರಲಿಲ್ಲ!"
ಎಂದು ಕೈಗವಸು ಕಿತ್ತು ಗಾಳಿಗೆಸೆದಳು.
ಅದು ಎಲ್ಲಿ ಬಿತ್ತೆಂದು ಯಾರ್ಮಿಲಾ,
ಮೂಗು ಒರೆಸಿಕೊಂಡೇ, ಹೇಳಿದಳು.
ಬಲ. ಇನ್ನೂ ಬಲ. ಹಾ.

ಆ ಬೇಸಿಗೆ ಯಾರ್ಮಿಲಾ ಸೈಕಲ್ಲಿನಲ್ಲಿ
ಘಾಟಿ ಹತ್ತಿದ್ದೇ ಹತ್ತಿದ್ದು ಎಂದು
ಲಿಫ್ಟಿನ ಹುಡುಗರು ಹೇಳಿದರು.
ಮರುವರ್ಷ ಇಬ್ಬರಿಗೂ ಕಂಚು,
ಒಂದೇ ಮೆಟ್ಟಿಲಿನ ಮೇಲೆ ಎರಡು ಪದಕ.
ಕಾಗದದಲ್ಲಿ ಇರುವುದು ಅದು.

ಆ ಚೀಟಿಯನ್ನು ನಾನು ಕಡತಕ್ಕೆ ಸೇರಿಸಲಿಲ್ಲ.
ಪರ್ಸಿನಲ್ಲಿದೆ, ನಾಣ್ಯಗಳ ಜೊತೆ.
ಬ್ರೆಡ್ಡಿನ ಅಂಗಡಿಯಲ್ಲಿ ಚಿಲ್ಲರೆ ಹುಡುಕುವಾಗ
ಬೆರಳಿಗೆ ಸಿಗುತ್ತದೆ.
ಬಿಸಿಯಿಂದ ಮೂಡಿದ ಅಂಕಿ, ನಿಲ್ಲುವುದಿಲ್ಲ.
ಈಗ ಕಾಗದ ಪೂರಾ ಬಿಳಿ.
ಗುಣಿಸದೆ ಉಳಿದ ಆ ಸಂಖ್ಯೆ
ಎಲ್ಲಿತ್ತೆಂದು ಮಾತ್ರ
ನೋಡದೆಯೇ ಬೆರಳಿಟ್ಟು ತೋರಿಸಬಲ್ಲೆ.